ಜೋಡಿ ಸಿಗದ ಪೈಲ್ವಾನ

ಲಂಡನ್ನಿನ ಹ್ಯಾರೋದಲ್ಲಿರುವ ನಮ್ಮ ಕನ್ನಡದವರ ಮನೆಗಳ ಶೋಕೇಸಿನಲ್ಲಿ ಏನೇನಿರುತ್ತದೆ ಎಂದು ನಾನು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಒಂದು ಗಂಧದ ಆನೆ, ಒಂದು ಬೆಳ್ಳಿಯ ಕುಂಕುಮದ ಬಟ್ಟಲು, ಪದವಿಯ ಗೌನು ತೊಟ್ಟ ಮಕ್ಕಳ ಫೋಟೋ, ಯಾರೋ ಕೊಟ್ಟ ಗೀತೋಪದೇಶ. ನಮ್ಮ ಮನೆಯ ಶೋಕೇಸಿನಲ್ಲಿ ಮಾತ್ರ ಲಂಗೋಟಿ ಬಿಗಿದ ಅರವತ್ತೆರಡು ಜಪಾನಿ ಗಂಡಸರಿದ್ದಾರೆ.

ಹೊಸದಾಗಿ ಮನೆಗೆ ಬಂದವರು ಮೊದಲು ನೋಡಿಯೂ ನೋಡದ ಹಾಗೆ ಕಾಫಿ ಕುಡಿಯುತ್ತಾರೆ. ಎರಡನೇ ಸಲ ಬಂದಾಗ ಯಾರಾದರೊಬ್ಬ ಹೆಂಗಸು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, "ಏನ್ರೀ ಅದು, ಬೆಳೆದ ಮಗಳಿರೋ ಮನೇಲಿ" ಎಂದು ಮೂಗು ಮುರಿಯುತ್ತಾಳೆ. ನನ್ನ ಗಂಡ ಧಾರವಾಡದವರು, ಡಾಕ್ಟರು, ಬಂದವರೆದುರು ನನ್ನನ್ನು ಬಿಟ್ಟುಕೊಡುವುದರಲ್ಲಿ ಮುಂದು. "ಎಲ್ಲಾರ ಮನ್ಯಾಗ ದೇವರ ಫೋಟೋ ಇರತಾವ್ರಿ, ನಮ್ಮಾಕಿ ಪೈಲ್ವಾನರನ್ನ ಕುಂದರಿಸ್ಯಾಳ" ಎಂದು ನಗುತ್ತಾರೆ. ನಗಲಿ. ಅವರು ಗಾಲ್ಫ್ ಆಡುವುದನ್ನು ನೋಡಿ ನಾನೂ ಸಾಕಷ್ಟು ನಕ್ಕಿದ್ದೇನೆ.

ಇವಕ್ಕೆ ಮೆಂಕೊ ಎಂದು ಹೆಸರು. ಜಪಾನಿನ ಮಕ್ಕಳು ಆಡುತ್ತಿದ್ದ ರಟ್ಟಿನ ಕಾರ್ಡುಗಳು. ಎದುರಾಳಿಯ ಕಾರ್ಡು ನೆಲದ ಮೇಲಿರುತ್ತದೆ, ನೀವು ನಿಮ್ಮದನ್ನು ಅದರ ಪಕ್ಕಕ್ಕೆ ರಪ್ಪನೆ ಬಡಿಯಬೇಕು. ಆ ಗಾಳಿಗೆ ಅವನದು ಮಗುಚಿಕೊಂಡರೆ ಅದು ನಿಮ್ಮದು. ಒಂದು ಕಾಲಕ್ಕೆ ಆ ಕಾರ್ಡುಗಳ ಮೇಲೆಲ್ಲ ಸುಮೊ ಪೈಲ್ವಾನರೇ ಇರುತ್ತಿದ್ದರು. ಹಿಂಬದಿಯಲ್ಲಿ ಅವರ ತೂಕ, ಎತ್ತರ, ಊರು, ಅವರು ಯಾವ ಗರಡಿಯವರು ಎಂಬುದು. ನನ್ನಲ್ಲಿರುವ ಹೆಚ್ಚಿನವು ನಾನು ಹುಟ್ಟುವುದಕ್ಕೂ ಮೊದಲು ಅಚ್ಚಾದವು. ಬಣ್ಣ ಸ್ವಲ್ಪ ಗೆರೆ ದಾಟಿ ಹರಿದಿರುತ್ತದೆ, ಮೈ ಎಲ್ಲ ಒಂದೇ ನಸುಗೆಂಪು. ಆದರೆ ಮುಖಗಳು ಮಾತ್ರ ಒಂದರಂತೆ ಒಂದಿಲ್ಲ.

ಪೈಲ್ವಾನರೇ ಯಾಕೆ ಎಂದು ಕೇಳುವವರಿಗೆ ನಾನು ಸಾಮಾನ್ಯವಾಗಿ ಏನೋ ಒಂದು ಹೇಳಿ ತಪ್ಪಿಸಿಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ ಮೈಸೂರಿಗೆ ಹೋಗಬೇಕು.

ನಮ್ಮ ಬೀದಿಯ ಕೊನೆಗೆ ಗರಡಿಮನೆ ಇತ್ತು. ನಮ್ಮಪ್ಪ ಸಾಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದರು. ಬೆಳಿಗ್ಗೆ ಕೆಲಸಕ್ಕೆ ಮುಂಚೆ ಗರಡಿಗೆ ಹೋಗಿ ಹುಡುಗರಿಗೆ ಪಟ್ಟು ಹೇಳಿಕೊಡುವುದು ಅವರ ರೂಢಿ. ಹೊತ್ತು ಮೀರಿದರೆ ಅಮ್ಮ ನನ್ನನ್ನು ಅಟ್ಟುತ್ತಿದ್ದಳು, "ಹೋಗು, ನಿಮ್ಮಪ್ಪನ್ನ ಕರಿ, ತಿಂಡಿ ಆರೋಯ್ತು ಅನ್ನು". ಹೆಣ್ಣುಮಕ್ಕಳು ಗರಡಿಯೊಳಗೆ ಕಾಲಿಡುವ ಹಾಗಿಲ್ಲ. ಬಾಗಿಲು ಸೊಂಟದೆತ್ತರಕ್ಕೇ ಮುಗಿದು ಹೋಗುತ್ತಿತ್ತು, ಎಂಥ ಪೈಲ್ವಾನನೂ ಬಗ್ಗಿಯೇ ಒಳಗೆ ಹೋಗಬೇಕು. ನಾನು ಹೊರಗೆ ನಿಂತು "ಅಪ್ಪಾ" ಎಂದು ಕೂಗುತ್ತಿದ್ದೆ. ಒಳಗಿನಿಂದ ಎಣ್ಣೆ, ಅರಿಶಿನ, ಮಜ್ಜಿಗೆ ಕಲಸಿದ ಕೆಮ್ಮಣ್ಣಿನ ವಾಸನೆ ಬರುತ್ತಿತ್ತು. ಕತ್ತಲಿನಲ್ಲಿ ಕಾಲುಗಳು ಓಡಾಡುತ್ತಿದ್ದವು. ನನಗೆ ಆ ಗರಡಿಯ ಪೈಲ್ವಾನರೆಲ್ಲ ಮೊಣಕಾಲಿನಿಂದ ಕೆಳಗೆ ಮಾತ್ರ ಪರಿಚಯ. ಮೇಲಿನದೆಲ್ಲ ಸದ್ದು. ಅದರಲ್ಲೂ ತೊಡೆ ತಟ್ಟುವ ಸದ್ದು. ಒಬ್ಬೊಬ್ಬರದು ಒಂದೊಂದು ಥರ ಇರುತ್ತಿತ್ತು. ಅಪ್ಪನದು ಯಾವುದೆಂದು ಆ ದಿನಗಳಲ್ಲಿ ನನಗೆ ಗೊತ್ತಾಗಲೇ ಇಲ್ಲ, ಮನೆಯಲ್ಲಿ ಅವರು ಯಾವತ್ತೂ ತೊಡೆ ತಟ್ಟಿದವರಲ್ಲ.

ಒಳಗೆ ಬಿಡದಿದ್ದರೆ ಹೋಗಲಿ ಎಂದು ನಾನು ಹೊರಗೆ ನನ್ನದೇ ಒಂದು ಗರಡಿ ಮಾಡಿಕೊಂಡಿದ್ದೆ. ಬೆಂಕಿಪೊಟ್ಟಣದ ಚಿತ್ರಗಳು. ಹುಲಿ, ಹಡಗು, ದೀಪ, ನವಿಲು, ಒಬ್ಬ ಗದೆ ಹಿಡಿದ ಪೈಲ್ವಾನ. ಪೇಟೆಬೀದಿಯಲ್ಲಿ ಹೆಕ್ಕಿ ತಂದು, ನೀರಿನಲ್ಲಿ ನೆನೆಸಿ ಬಿಡಿಸಿ, ನೋಟ್‌ಬುಕ್ಕಿನ ಹಾಳೆಗಳ ನಡುವೆ ಒಣಗಿಸಿ ಇಟ್ಟಿದ್ದೆ. ಏಳನೇ ಕ್ಲಾಸಿನಲ್ಲಿ ಲೆಕ್ಕದ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ ದಿನ ಅಪ್ಪ ಆ ನೋಟ್‌ಬುಕ್ಕನ್ನು ಹಾಗೇ ಎತ್ತಿ ಬಚ್ಚಲಿನ ಹಂಡೆಯ ಒಲೆಗೆ ಹಾಕಿದರು. ಬೈಯಲಿಲ್ಲ, ಹೊಡೆಯಲಿಲ್ಲ. ಆ ನೀರಿನಲ್ಲೇ ನನಗೆ ಸ್ನಾನಕ್ಕೆ ಹೇಳಿದರು.

ಲಂಡನ್ನಿಗೆ ಬಂದ ಹೊಸದರಲ್ಲಿ ನಾವು ಕೊಲಿಂಡೇಲ್‌ನಲ್ಲಿ ಬಾಡಿಗೆಗೆ ಇದ್ದೆವು. ಆಗ ಅಲ್ಲೊಂದು ಜಪಾನಿ ಮಾಲ್ ಇತ್ತು. ಈಗ ಅಲ್ಲೆಲ್ಲ ಎತ್ತರದ ಫ್ಲ್ಯಾಟುಗಳು ಎದ್ದಿವೆ, ಟ್ಯೂಬ್ ಇಳಿದು ಆ ಕಡೆ ಹೋದರೆ ನನಗೆ ದಿಕ್ಕೇ ತಿಳಿಯುವುದಿಲ್ಲ. ಗಂಡನಿಗೆ ವಾರವಿಡೀ ಡ್ಯೂಟಿ. ನನಗಿನ್ನೂ ಆಸ್ಪತ್ರೆಯ ಲ್ಯಾಬಿನ ಕೆಲಸ ಸಿಕ್ಕಿರಲಿಲ್ಲ. ಸುಮ್ಮನೆ ಆ ಮಾಲಿನಲ್ಲಿ ಸುತ್ತುತ್ತಿದ್ದೆ. ಒಂದು ದಿನ ಹಳೆಯ ಪುಸ್ತಕದಂಗಡಿಯ ಮೂಲೆಯ ಡಬ್ಬದಲ್ಲಿ ಕೈಯಾಡಿಸುತ್ತಿರುವಾಗ ಒಬ್ಬ ಪೈಲ್ವಾನ ಸಿಕ್ಕಿದ. ತಲೆಯಿಂದ ಕಾಲಿನವರೆಗೆ ಪೂರ್ತಿ ಮನುಷ್ಯ. ನಾನು ಅವನ ಮೊಣಕಾಲು ನೋಡಿದೆ, ಆಮೇಲೆ ಮುಖ ನೋಡಿದೆ, ಆಮೇಲೆ ಅಂಗಡಿಯಲ್ಲೇ ನಿಂತು ಅತ್ತೆ. ಅಂಗಡಿಯವನು ಗಾಬರಿಯಾಗಿ ಒಂದು ಕುರ್ಚಿ ತಂದುಕೊಟ್ಟ.

ಅಲ್ಲಿಂದ ಶುರುವಾದದ್ದು ಇಪ್ಪತ್ತು ವರ್ಷದಲ್ಲಿ ಅರವತ್ತೊಂದಾಯಿತು. ಅದರಲ್ಲಿ ಒಬ್ಬ ನನಗೆ ಉಳಿದವರೆಲ್ಲರಿಗಿಂತ ಹೆಚ್ಚು. ನೀಲಿ ಹಿನ್ನೆಲೆ, ಸಣ್ಣ ಆಳು, ಉಳಿದವರ ಮುಂದೆ ನಿಲ್ಲಿಸಿದರೆ ಅವರ ತಮ್ಮನ ಹಾಗೆ ಕಾಣುವ ಮೈಕಟ್ಟು. ಅವನಿಗಾಗಿ ಆರು ವರ್ಷ ಹುಡುಕಿದ್ದೆ. ಯಾವ ಮಗುವಿನ ಕೈಗೂ ಸಿಗದೆ ಉಳಿದ ಕಾರ್ಡು, ನಾಲ್ಕು ಮೂಲೆಯೂ ಚೂಪು. ಅದನ್ನು ನೋಡುವಾಗ ಲ್ಯಾಬಿನ ಕೈಗವಸು ಹಾಕಿಕೊಳ್ಳುತ್ತಿದ್ದೆ. "ಅಮ್ಮಾ, ಇಟ್ಸ್ ಜಸ್ಟ್ ಕಾರ್ಡ್‌ಬೋರ್ಡ್" ಎಂದು ಮಗಳು ಛೇಡಿಸುತ್ತಿದ್ದಳು.

ಹೋದ ವರ್ಷ ಸೆಪ್ಟೆಂಬರಿನಲ್ಲಿ ಅಪ್ಪ ಬಂದರು. ಅಮ್ಮ ಹೋದ ಮೇಲೆ ಮೈಸೂರಿನಲ್ಲಿ ನನ್ನ ತಮ್ಮನ ಸಂಸಾರದ ಜೊತೆಗಿದ್ದಾರೆ. ಮಂಡಿ ಸವೆದಿದೆ, ಆದರೆ ಭುಜ ಮಾತ್ರ ಇನ್ನೂ ಹಾಗೇ ಇದೆ, ಕೋಟು ಹೊಲಿಸಲು ಹೋದರೆ ದರ್ಜಿ ಎರಡು ಸಲ ಅಳೆಯುತ್ತಾನೆ. ಇಲ್ಲಿ ಅವರಿಗೆ ಹೊತ್ತೇ ಹೋಗುತ್ತಿರಲಿಲ್ಲ. ಕಿಟಕಿಯ ಹತ್ತಿರ ಕೂತು, "ಈ ರಸ್ತೇಲಿ ಮನ್ಸ್ರು ಯಾವಾಗ ಓಡಾಡ್ತಾರಮ್ಮ?" ಎಂದು ಕೇಳುತ್ತಿದ್ದರು. ಶೋಕೇಸಿನ ಕಡೆ ಎರಡು ವಾರ ತಿರುಗಿ ನೋಡಲಿಲ್ಲ. ಮೂರನೇ ವಾರದ ಒಂದು ಶನಿವಾರ ಕನ್ನಡಕ ಏರಿಸಿಕೊಂಡು ಗಾಜಿನ ಹತ್ತಿರ ಹೋಗಿ ನಿಂತರು.

"ಇವ್ನ ತೂಕ ಎಷ್ಟು?"

ನಾನು ಫೋನಿನಲ್ಲಿ ಹಿಂಬದಿಯ ಅಕ್ಷರ ಓದಿಸಿ, ಜಪಾನಿ ತೂಕವನ್ನು ಕಿಲೋಗೆ ಇಳಿಸಿ ಹೇಳಿದೆ.

"ಎತ್ತರ? ಯಾವ ಗರಡಿ?"

ಆ ಮೇಲೆ ಅವರನ್ನು ಹಿಡಿಯುವವರಿಲ್ಲ. ಕಾರ್ಡುಗಳನ್ನೆಲ್ಲ ಊಟದ ಮೇಜಿನ ಮೇಲೆ ಹರಡಿಸಿದರು. ಮೈಸೂರಿನಲ್ಲಿ ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುವುದು ಅಂತ ಒಂದಿದೆ. ಸೇರಿದ ಪೈಲ್ವಾನರನ್ನೆಲ್ಲ ಉಸ್ತಾದರು ಸಾಲಾಗಿ ನಿಲ್ಲಿಸಿ, ಭುಜ ಮುಟ್ಟಿ, ಕತ್ತು ಹಿಡಿದು ನೋಡಿ, ಯಾರಿಗೆ ಯಾರು ಸಮ ಎಂದು ಗೊತ್ತು ಮಾಡುತ್ತಾರೆ. ಜೋಡಿ ಆದರೆ ಕುಸ್ತಿ, ಆಗದಿದ್ದರೆ ಮನೆಗೆ. ಅಪ್ಪ ಅದನ್ನೇ ನನ್ನ ಮೇಜಿನ ಮೇಲೆ ಶುರು ಹಚ್ಚಿಕೊಂಡರು. ನಾನು ಓದಬೇಕು, ಅವರು ಕಟ್ಟಬೇಕು. "ಒಂದೇ ಗರಡಿಯವ್ರನ್ನ ಕಟ್ಬಾರ್ದು, ಒಳಗೊಳ್ಗೇ ಮಾತಾಡ್ಕೊಂಡ್ಬುಡ್ತಾರೆ" ಎಂದರು. ಸುಮೊದಲ್ಲೂ ಅದೇ ನಿಯಮ ಎಂದಾಗ, ಜಪಾನಿನವರಿಗೆ ಇಷ್ಟಾದರೂ ತಿಳಿದಿದೆಯಲ್ಲ ಎಂಬಂತೆ ತಲೆಯಾಡಿಸಿದರು. ಅಲ್ಲೂ ಅಖಾಡಕ್ಕೆ ಹೆಂಗಸರು ಕಾಲಿಡುವ ಹಾಗಿಲ್ಲ ಎಂದೆ. ಅಪ್ಪ ಮುಂದಿನ ಕಾರ್ಡಿನ ತೂಕ ಕೇಳಿದರು.

ನಾಲ್ಕು ಶನಿವಾರ ಭಾನುವಾರಗಳಲ್ಲಿ ಮೂವತ್ತು ಜೋಡಿ ಆಯಿತು. ಉಳಿದವನು ನನ್ನ ಸಣ್ಣ ಆಳು. ಅಪ್ಪ ಅವನನ್ನು ಎಲ್ಲರ ಪಕ್ಕಕ್ಕೂ ಇಟ್ಟು ನೋಡಿದರು. "ಇಲ್ಲ ಕಣಮ್ಮ, ಇವ್ನಿಗೆ ಜೋಡಿ ಇಲ್ಲ." ಆ ದಿನಗಳಷ್ಟು ಸುಖವಾಗಿ ನಾನೂ ಅಪ್ಪನೂ ಹಿಂದೆಂದೂ ಒಟ್ಟಿಗೆ ಕೂತದ್ದಿಲ್ಲ. ಹೊರಗಿನಿಂದ ಕೂಗುತ್ತಿದ್ದವಳನ್ನು ಕೊನೆಗೂ ಒಳಗೆ ಕರೆದ ಹಾಗಿತ್ತು.

ಆಯುಧಪೂಜೆ ವಾರದ ನಡುವೆ ಬಂತು. ಇಲ್ಲಿ ನಮಗೆ ರಜೆ ಎಲ್ಲಿಯದು? ಬೆಳಗಿನ ಶಿಫ್ಟಿಗೆ ಹೊರಡುವಾಗ, "ಅಪ್ಪ, ಕಾರಿಗೆ ಪೂಜೆ ಮಾಡ್ಬಿಡಿ, ನಿಂಬೆಹಣ್ಣು ಫ್ರಿಜ್ಜಲ್ಲಿದೆ" ಎಂದು ಹೇಳಿ ಓಡಿದ್ದೆ. ಮಧ್ಯಾಹ್ನ ನಾಲ್ಕಕ್ಕೆ ವಾಪಸು ಬಂದರೆ ಕಾರು ಸೌತ್‌ಹಾಲ್‌ನಿಂದ ತರಿಸಿದ್ದ ಚೆಂಡುಹೂವಿನ ಮಾಲೆ ಹಾಕಿಕೊಂಡು ಮದುವೆ ಗಂಡಿನ ಹಾಗೆ ನಿಂತಿತ್ತು. ಒಳಗೆ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಬಾಯ್ಲರು, ಗಂಡನ ಸ್ಟೆತಸ್ಕೋಪು, ಮಗಳ ಲ್ಯಾಪ್‌ಟಾಪು, ಎಲ್ಲಕ್ಕೂ ಅರಿಶಿನ ಕುಂಕುಮ. ನಗುತ್ತಲೇ ಊಟದ ಮೇಜಿನ ಹತ್ತಿರ ಹೋದೆ.

ಪೈಲ್ವಾನರು ಜೋಡಿ ಜೋಡಿಯಾಗಿ ಮಲಗಿದ್ದರು. ಒಬ್ಬೊಬ್ಬನ ಹಣೆಯ ಮೇಲೂ ನೀರಿನಲ್ಲಿ ಕಲಸಿದ ಅರಿಶಿನ, ಅದರ ಮೇಲೆ ಕುಂಕುಮ. ಹಳೆಯ ರಟ್ಟು ನೀರನ್ನು ಹೀರಿಕೊಂಡು ಉಬ್ಬಿತ್ತು. ಕೆಲವರ ಕುಂಕುಮ ಮೂಗಿನವರೆಗೆ ಇಳಿದಿತ್ತು. ನಾನು ಒಂದೊಂದಕ್ಕೂ ತೊಡಿಸಿದ್ದ ಪ್ಲಾಸ್ಟಿಕ್ ಕವರುಗಳು ಪಕ್ಕದಲ್ಲಿ ಅಚ್ಚುಕಟ್ಟಾಗಿ ಪೇರಿಸಿದ್ದವು.

"ಪ್ಲಾಸ್ಟಿಕ್ ಮೇಲೆ ಕುಂಕುಮ ನಿಲ್ಲಾಕಿಲ್ಲ, ಅದ್ಕೆ ತೆಗ್ದೆ" ಎಂದರು ಅಪ್ಪ, ಮುಖದ ತುಂಬ ಸಂತೋಷ. ಗರಡಿಯಲ್ಲಿ ಅವತ್ತು ಗದೆಗಳಿಗೆ, ಗೋಡೆಯ ಮೇಲಿನ ಹಿರಿಯ ಉಸ್ತಾದರ ಪಟಗಳಿಗೆ ಹಾಗೇ ಕುಂಕುಮ ಇಡುತ್ತಿದ್ದರಂತೆ.

ನನ್ನ ಪಿತ್ತ ನೆತ್ತಿಗೇರಿತು. ಬಾಯಿಗೆ ಬಂದಂತೆ ಕೂಗಾಡಿದೆ. ಇಪ್ಪತ್ತು ವರ್ಷ ಎಂದೆ, ಕೇಳಿ ಮುಟ್ಟಬಾರದಿತ್ತಾ ಎಂದೆ, ನಿಮ್ಮ ಗರಡಿಯ ಮೌಢ್ಯ ಎಂದೆ. ಕೊನೆಗೆ ಯಾವತ್ತೂ ಆಡದೆ ಇಟ್ಟುಕೊಂಡಿದ್ದ ಮಾತೂ ಹೊರಗೆ ಬಂತು. "ಅವತ್ತು ನನ್ನ ಬೆಂಕಿಪೊಟ್ಟಣದ ಚಿತ್ರ ಒಲೆಗೆ ಹಾಕಿದ್ರಿ. ಇವತ್ತು ಇದನ್ನೂ ಹಾಳ್ ಮಾಡಿದ್ರಿ. ನನ್ನದು ಅಂತ ಏನಿದ್ರೂ ನಿಮಗೆ ತಡೆಯಲ್ಲ."

ಮಗಳು ಮೆಟ್ಟಿಲ ಮೇಲೆ ನಿಂತುಬಿಟ್ಟಿದ್ದಳು. ಅಪ್ಪ ಕುಂಕುಮದ ಬೆರಳನ್ನು ಪಂಚೆಗೆ ಒರೆಸಿಕೊಂಡರು.

"ಅವತ್ತು ಒಲೆಗೆ ಹಾಕ್ದೆ, ಹೌದು. ಮರ್ತಿಲ್ಲ. ಅದ್ಕೇ ಇವತ್ತು ಕೈ ಮುಗ್ದೆ" ಎಂದು ಹೇಳಿ ನಿಧಾನವಾಗಿ ಮಹಡಿ ಹತ್ತಿದರು.

ಆ ಕ್ಷಣದಲ್ಲಿ ಹಿಂದೆಯೇ ಹೋಗಿ ಕೈ ಹಿಡಿದುಕೊಳ್ಳಬೇಕಿತ್ತು. ಹೋಗಲಿಲ್ಲ. ನನ್ನದು ಅವರದೇ ಹಟ. ಮುಂದಿನ ಹತ್ತು ದಿನ "ಕಾಫಿ ಬೇಕಾ", "ಮಾತ್ರೆ ತಗೊಂಡ್ರಾ" ಇಷ್ಟೇ ಮಾತು. ಏರ್‌ಪೋರ್ಟಿನಲ್ಲಿ ಕಾಲಿಗೆ ಬಿದ್ದೆ, ಮುಖ ನೋಡಲಿಲ್ಲ. ಗಾಲಿಕುರ್ಚಿ ತಳ್ಳುವವಳು ಅವರನ್ನು ಕರೆದುಕೊಂಡು ಹೋದ ಮೇಲೆ ಕಾರಿನಲ್ಲಿ ಗಂಡ ಒಂದೇ ಮಾತು ಹೇಳಿದರು, "ಮುದುಕ ಮನಷ್ಯಾನ್ನ ಹಂಗ ಕಳಸಬಾರದಿತ್ತು." ಗಾಲ್ಫಿನ ಗಂಡ ಅಷ್ಟು ಸರಿಯಾದ ಮಾತನ್ನು ಆಡಿದ್ದು ನನಗೆ ಇನ್ನೂ ಸಿಟ್ಟು ತರಿಸಿತು.

ಅವತ್ತು ಒಂದನ್ನೂ ನೋಡದೆ ಡಬ್ಬಕ್ಕೆ ತುಂಬಿಟ್ಟಿದ್ದ ಕಾರ್ಡುಗಳನ್ನು ಡಿಸೆಂಬರಿನ ರಜೆಯಲ್ಲಿ ಕವರಿಗೆ ಮತ್ತೆ ಹಾಕೋಣವೆಂದು ಕೂತೆ. ಅರವತ್ತಕ್ಕೆ ಹಾಕಿ ಮುಗಿಸಿದೆ. ಅರವತ್ತೊಂದನೆಯದು ಎಲ್ಲಿ? ಹುಡುಕಿದರೆ ಶೋಕೇಸಿನ ಕೆಳಗಿಟ್ಟಿದ್ದ ಹಳೆಯ ಆಲ್ಬಮ್ಮಿನ ಕೊನೆಯ ಹಾಳೆಯಲ್ಲಿ ನನ್ನ ಸಣ್ಣ ಆಳು ತನ್ನ ಕವರಿನಲ್ಲೇ ಬೆಚ್ಚಗಿದ್ದ. ಒಂದು ಚುಕ್ಕಿಯಿಲ್ಲ, ಮೂಲೆಗಳು ಚೂಪಾಗಿಯೇ ಇವೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಮೊದಲು ಆದದ್ದು ಸಂತೋಷ. ಮುದುಕ ಮರೆತುಬಿಟ್ಟಿದ್ದಾನೆ, ಸದ್ಯ ಇದೊಂದು ಉಳಿಯಿತು ಎಂದುಕೊಂಡೆ. ಆಮೇಲೆ ಕುತೂಹಲ ತಡೆಯದೆ ಫೋನ್ ಮಾಡಿದೆ.

"ಮರ್ತಿಲ್ಲ" ಎಂದರು ಅಪ್ಪ. "ಜೋಡಿ ಆಗ್ದೋನಿಗೆ ನಮ್ ಗರಡೀಲಿ ಕುಂಕುಮ ಇಡಾಕಿಲ್ಲ. ಅವ್ನ ದಿನ ಇನ್ನೂ ಬಂದಿಲ್ಲ ಅಂತ."

ಆಮೇಲೆ ಅವರೇ ಹೇಳಿದರು. ಮದುವೆಗೆ ಮುಂಚಿನ ವರ್ಷ, ದಸರಾಕ್ಕೆಂದು ಆರು ತಿಂಗಳು ಸಾಮು ಮಾಡಿ ಜೋಡಿ ಕಟ್ಟುವ ಮೈದಾನಕ್ಕೆ ಹೋಗಿದ್ದರಂತೆ. ಬೆಳಗಿನಿಂದ ಸಾಲಿನಲ್ಲಿ ನಿಂತರೂ ಅವರ ತೂಕಕ್ಕೆ ಸಮನಾದವನು ಸಿಗಲಿಲ್ಲ. ಒಬ್ಬೊಬ್ಬರೇ ಕುಂಕುಮ ಇಡಿಸಿಕೊಂಡು ಹೋದರು. ಸಂಜೆಗೆ ಸಾಲಿನಲ್ಲಿ ಉಳಿದವರು ಇವರೊಬ್ಬರೇ. ಮುಂದಿನ ವರ್ಷ ಮದುವೆ, ಅದರ ಮುಂದಿನ ವರ್ಷ ನಾನು, ಆಮೇಲೆ ಸಾಮಿಲ್ಲಿನ ಎರಡು ಶಿಫ್ಟು. ಬೇರೆಯವರಿಗೆ ಪಟ್ಟು ಹೇಳಿಕೊಟ್ಟದ್ದೇ ಬಂತು. ದಸರಾ ಅಖಾಡದ ಮಣ್ಣನ್ನು ಅವರು ಒಮ್ಮೆಯೂ ಮುಟ್ಟಲಿಲ್ಲ.

"ನಂಗೂ ಇಟ್ಟಿರ್ನಿಲ್ಲ" ಎಂದರು.

ಕ್ಷಮಿಸಿ ಅನ್ನಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವರು ಮೊಮ್ಮಗಳ ಪರೀಕ್ಷೆಯ ಬಗ್ಗೆ ಕೇಳಿ, ಫೋನನ್ನು ತಮ್ಮನ ಕೈಗೆ ಕೊಟ್ಟುಬಿಟ್ಟರು. ಜನವರಿಯಲ್ಲಿ ಅವರ ಎದೆ ಕೈಕೊಟ್ಟಿತು. ಆಸ್ಪತ್ರೆಯಿಂದ ಮನೆಗೇನೋ ಬಂದರು, ಆದರೆ ಇನ್ನು ವಿಮಾನದ ಮಾತೆತ್ತಬೇಡಿ ಎಂದು ಡಾಕ್ಟರು ಹೇಳಿದರು. ನಾನು ಹೋಗಿ ನೋಡಿಕೊಂಡು ಬಂದೆ. ಒಂದು ವಾರ ಪಕ್ಕದಲ್ಲೇ ಕೂತಿದ್ದರೂ ಆ ಮಾತು ಬಾಯಿಗೆ ಬರಲಿಲ್ಲ. ನಾನು ಆಡುವ ಮೊದಲೇ ಅವರು ಹೋಗಿಬಿಟ್ಟರೆ ಎಂಬ ಹೆದರಿಕೆ ವಾಪಸು ಬರುವಾಗಲೂ ಜೊತೆಗೇ ಬಂತು. ಆಡಲಾಗದಿದ್ದರೆ ಮಾಡಿಯಾದರೂ ತೋರಿಸಬೇಕು ಎಂದು ಅನ್ನಿಸಿತು. ಆ ಸಣ್ಣ ಆಳಿಗೆ ಒಂದು ಜೋಡಿ ಹುಡುಕಬೇಕು.

ಈಲಿಂಗ್‌ನಲ್ಲಿ ಒಂದು ಚರ್ಚ್ ಹಾಲಿನಲ್ಲಿ ಆಗಾಗ ಹಳೆಯ ಆಟಿಕೆಗಳ ಮಾರಾಟ ನಡೆಯುತ್ತದೆ. ಅಲ್ಲೊಬ್ಬ ಜಪಾನಿ ಮುದುಕಿ ಮೇಜು ಹಾಕುತ್ತಾಳೆ, ಗಿರಾಕಿಗಳನ್ನು ಕಂಡರೆ ಅವಳಿಗೆ ಆಗುವುದಿಲ್ಲ. ನನ್ನ ಸಣ್ಣ ಆಳನ್ನು ತೋರಿಸಿ, ಇದೇ ಕಾಲದ, ಇದೇ ತೂಕದ, ಬೇರೆ ಗರಡಿಯವನು ಬೇಕು ಎಂದೆ. ಪೈಲ್ವಾನನ ಹೆಸರು ಹೇಳಿ ಕೇಳುವವರನ್ನು ನೋಡಿದ್ದಾಳೆ, ತೂಕ ಹೇಳಿ ಕೇಳಿದವಳು ನಾನೇ ಮೊದಲು. "ವೈ ವೇಟ್?" ಎಂದಳು. ಹೇಳಿದರೆ ತಿಳಿಯಲಿಕ್ಕಿಲ್ಲವೆಂದು ಕುಂಕುಮದ ಜೋಡಿಯೊಂದನ್ನು ಚೀಲದಿಂದ ತೆಗೆದು ಮುಂದಿಟ್ಟೆ.

ಅವಳು ಬಹಳ ಹೊತ್ತು ನೋಡಿದಳು. "ಹೂ ಡಿಡ್ ದಿಸ್?"

"ಮೈ ಫಾದರ್."

ಬೈಗುಳ ಬರುತ್ತದೆಂದು ಕಾದೆ. ಆದರೆ ಅವಳು ಬೈಯಲಿಲ್ಲ. ಅವಳ ಅಣ್ಣ ತನ್ನ ಕಾರ್ಡುಗಳಿಗೆ ಮೇಣದಬತ್ತಿ ಉಜ್ಜುತ್ತಿದ್ದನಂತೆ, ಭಾರವಾಗಲಿ, ಯಾರೂ ಮಗುಚದಿರಲಿ ಎಂದು. ನನ್ನ ಚೊಕ್ಕಟ ಕಾರ್ಡನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ, ಇದರ ಜೊತೆ ಯಾವ ಮಗುವೂ ಆಡಿಲ್ಲ, ಪಾಪ ಎಂಬರ್ಥದ ಒಂದು ಮಾತು ಹೇಳಿದಳು. ನಾನು ಆರು ವರ್ಷ ಹುಡುಕಿ ತಂದದ್ದು ಅವಳಿಗೆ ಪಾಪವಾಗಿ ಕಂಡಿತ್ತು.

ನಾಲ್ಕನೇ ಸಲ ಹೋದಾಗ ಅವಳೇ ಕೈ ಮಾಡಿ ಕರೆದಳು. ಕಾಗದದಲ್ಲಿ ಸುತ್ತಿದ್ದ ಒಂದು ಕಾರ್ಡು. ಒಂದು ಮೂಲೆ ಹರಿದಿದೆ, ಮೈಯೆಲ್ಲ ಮೇಣದ ಕಲೆ, ನಡುವೆ ಮಡಿಕೆ. ತೂಕ ಮಾತ್ರ ಹೆಚ್ಚುಕಡಿಮೆ ಅದೇ. ಅವಳ ಅಣ್ಣನದೇ ಇರಬೇಕು ಎಂದು ನನಗೆ ಅನ್ನಿಸಿತು. ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಈ ವರ್ಷ ಆಯುಧಪೂಜೆಗೆ ರಜೆ ಹಾಕಿದೆ. ಕಾರು, ಮಿಕ್ಸಿ ಎಲ್ಲ ಮುಗಿಸಿ, ಊಟದ ಮೇಜಿನ ಮೇಲೆ ಎರಡು ಕಾರ್ಡುಗಳನ್ನಿಟ್ಟು ಮೈಸೂರಿಗೆ ವಿಡಿಯೋ ಕಾಲ್ ಮಾಡಿದೆ. ಫೋನು ಹಿಡಿಯುವ ಕೆಲಸ ಮಗಳದು. ಅಪ್ಪ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಭುಜ ಇಳಿದುಹೋಗಿತ್ತು.

"ಹೊಸಬ ಬಂದವ್ನೆ, ನೋಡಿ" ಎಂದೆ. ತೂಕ ಕೇಳಿದರು, ಹೇಳಿದೆ. ಎತ್ತರ, ಗರಡಿ, ಊರು, ಎಲ್ಲ ಹೇಳಿದೆ. ನೀವೇ ನೋಡಿ ಕಟ್ಟಿ ಎಂದೆ.

"ನಂಗೆ ಅಷ್ಟು ದೂರದಿಂದ ಏನ್ ಕಾಣ್ತದೆ? ನೀನೇ ಕಟ್ಟು."

"ನಾನಾ?"

"ಮತ್ತಿನ್ಯಾರು? ನಿಂಗೆ ಗೊತ್ತಾಗ್ತದೆ."

ಗರಡಿಯ ಬಾಗಿಲಲ್ಲಿ ನಿಲ್ಲಿಸಿದ್ದ ಮಗಳಿಗೆ ಹೇಳಿದ ಮಾತು. ನಾನು ಇಬ್ಬರನ್ನೂ ಅಕ್ಕಪಕ್ಕ ಇಟ್ಟು, ಭುಜ ನೋಡಿ, ಕಾಲು ನೋಡಿ, "ಜೋಡಿ ಆಯ್ತು ಅಪ್ಪ" ಎಂದೆ. ಸಣ್ಣ ಆಳನ್ನು ಕವರಿನಿಂದ ಹೊರಗೆ ತೆಗೆದೆ. ಕೈಗವಸಿರಲಿಲ್ಲ. "ಅಮ್ಮಾ, ಆರ್ ಯೂ ಶೂರ್? ದಟ್ಸ್ ದ ಗುಡ್ ಒನ್" ಎಂದಳು ಮಗಳು. ಅರಿಶಿನ ಅದ್ದಿ ಅವನ ಹಣೆಗೆ ಇಟ್ಟೆ, ಅದರ ಮೇಲೆ ಕುಂಕುಮ. ರಟ್ಟು ನೀರನ್ನು ಹೀರಿಕೊಳ್ಳುವುದು ಕಣ್ಣಿಗೆ ಕಾಣುತ್ತಿತ್ತು. ಹೊಸಬನಿಗೂ ಇಟ್ಟೆ.

"ಅಪ್ಪ, ಹೋದ್ಸಲ ನಾನು ಹಂಗೆಲ್ಲ ಅನ್ಬಾರ್ದಿತ್ತು. ತಪ್ಪಾಯ್ತು."

"ಒತ್ಬೇಡ, ಕಣ್ಣಿಗಿಳೀತದೆ" ಎಂದರು ಅಪ್ಪ. ಆಮೇಲೆ, "ಈಗ ಕೈ ಕೊಡ್ಸು ಇಬ್ಬರ್ಗೂ" ಎಂದರು.

ನಾನು ಎರಡು ಕಾರ್ಡುಗಳ ಅಂಚನ್ನು ಒಂದಕ್ಕೊಂದು ತಾಗಿಸಿದೆ. ಫೋನಿನಲ್ಲಿ ಅಪ್ಪ ಕುರ್ಚಿಯಿಂದ ಸ್ವಲ್ಪ ಮುಂದಕ್ಕೆ ಬಂದರು, ಪಂಚೆಯನ್ನು ಮೇಲಕ್ಕೆ ಸರಿಸಿದರು, ಬಲಗೈ ಎತ್ತಿ ತೊಡೆ ತಟ್ಟಿದರು. ಆ ಸದ್ದು ನನಗೆ ಗೊತ್ತಿತ್ತು. ಬಾಗಿಲ ಹೊರಗೆ ನಿಂತು ಎಷ್ಟೋ ಬೆಳಿಗ್ಗೆ ಅದನ್ನು ಕೇಳಿದ್ದೆ. ಅದು ಅಪ್ಪನದು ಎಂದು ತಿಳಿದದ್ದು ಈಗ.